ನಿಂತಲ್ಲೇ ನಿಂತರೆ ಕಂಡೀತೇ?

ಹಂಪಿಯ ಮಾತೆತ್ತಿದರೆ ಗ್ರೀನ್‌ಲಾ–ಗಾಲಿಂಗ್ಸ್ ಜೋಡಿಚಿತ್ರಗಳಿಗೆ ಕೈಮುಗಿಯುವುದು ಈಗ ಶಿಷ್ಟಾಚಾರವೇ ಆಗಿದೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದದ್ದು, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ತೆಗೆದದ್ದು: ಬಲ್ಲವರಿಗೆ ಈ ಕಥೆ ಹೊಸದಲ್ಲ. ಇಬ್ಬರ ಕಸುಬಿನ ಬಗ್ಗೆಯೂ ನನ್ನ ತಕರಾರಿಲ್ಲ. ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ಹಂಪಿ ಬದಲಾದ ಬಗೆ ಇದೇ ಎನ್ನುವ ಹೊಗಳಿಕೆ ಮಾತ್ರ ನನಗೆ ಒಗ್ಗದು.

ಎಲ್ಲರೂ ಬೆರಳು ಮಾಡಿ ತೋರಿಸುವ ಕಲ್ಲಿನ ರಥವನ್ನೇ ನೋಡಿ. ಗ್ರೀನ್‌ಲಾನ ಚಿತ್ರದಲ್ಲಿ ವಿಠ್ಠಲ ದೇವಸ್ಥಾನದ ಆ ರಥದ ನೆತ್ತಿಯ ಮೇಲೆ ಇಟ್ಟಿಗೆ–ಗಾರೆಯ ಶಿಖರವಿದೆ. ಗಾಲಿಂಗ್ಸ್‌ನದರಲ್ಲಿ ಇಲ್ಲ. ನಮ್ಮ 50 ರೂಪಾಯಿ ನೋಟಿನ ಬೆನ್ನಿಗಿರುವ ರಥದಲ್ಲೂ ಇಲ್ಲ. ನೋಡಿದವರು ನಿಟ್ಟುಸಿರು ಬಿಟ್ಟು ‘ಕಾಲ’ ಎನ್ನುತ್ತಾರೆ. ಆದರೆ ಶಿಖರ ತಾನಾಗಿ ಬಿತ್ತೋ, ಯಾರಾದರೂ ಇಳಿಸಿದರೋ? ಮಳೆಗೆ ಕರಗಿತೋ, ಭಾರವಾಯಿತೆಂದು ಕಿತ್ತರೋ? ಜೋಡಿಚಿತ್ರಕ್ಕೆ ಬಾಯಿಲ್ಲ. ನಡುವಿನ 127 ವರ್ಷಗಳನ್ನು ಎರಡು ಚೌಕಟ್ಟುಗಳ ನಡುವಿನ ಗೋಡೆ ನುಂಗಿಬಿಡುತ್ತದೆ. ಬಿದ್ದದ್ದಕ್ಕೂ ಬೀಳಿಸಿದ್ದಕ್ಕೂ ಒಂದೇ ಖಾಲಿ ಆಕಾಶ. ಹೊಣೆ ಕೇಳಬೇಕಾದಲ್ಲಿ ವಿಷಾದ ಹುಟ್ಟಿಸುವುದೇ ಈ ವಿಧಾನದ ಚಮತ್ಕಾರ.

ಇನ್ನು ಜನ. ಮೇಣದ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಕದಲದೆ ನಿಂತವರಷ್ಟೇ ಅಚ್ಚಾದಾರು. ಹಾಗಾಗಿ ಕಲ್ಲು ಉಳಿಯಿತು, ಓಡಾಡುವವರು ಅಳಿಸಿಹೋದರು. ಪೂಜೆ ನಿಲ್ಲದ ವಿರೂಪಾಕ್ಷನ ಊರು ಹಾಳೂರಿನಂತೆ ಕಂಡಿತು. ಇನ್ನು ನೀರು. 1953ರಲ್ಲಿ ಮೇಲ್ಗಡೆ ತುಂಗಭದ್ರೆಗೆ ಅಣೆಕಟ್ಟು ಬಂತು, ಹೊಳೆಯ ಹರಿವು ಗೇಟಿನ ಮರ್ಜಿಗೆ ಬಿತ್ತು. ಆದರೆ ಕಪ್ಪು–ಬಿಳುಪಿನಲ್ಲಿ ಆ ಬದಲಾವಣೆ ಕಾಣದು: ನೀರುಂಡ ಬಾಳೆತೋಟವೂ ನೀರಿಲ್ಲದ ಜಾಲಿಪೊದೆಯೂ ಒಂದೇ ಬೂದಿ ಬಣ್ಣ.

ಅದೇ ಜಾಗ, ಅದೇ ಕೋನ. ಇದಕ್ಕಿಂತ ಪ್ರಾಮಾಣಿಕತೆ ಇನ್ನೇನು ಬೇಕು ಎನ್ನುವ ವಿಮರ್ಶಕರಿದ್ದಾರೆ. ಸ್ವಾಮಿ, ಆ ಜಾಗ ಆರಿಸಿದವನು ಮೊದಲಿನವನು. ಅವನು ಬೆನ್ನು ಹಾಕಿದ ಕಡೆಗೆ ಎರಡನೆಯವನೂ ಬೆನ್ನು ಹಾಕಲೇಬೇಕು. ಅವನ ಕಣ್ಣಿನಲ್ಲಿ ಇವನು ಬಾಡಿಗೆಗಿದ್ದಾನೆ. ಇದನ್ನು ನಿಷ್ಠೆ ಎನ್ನಿ, ನೋಟ ಎನ್ನಬೇಡಿ. ಎದುರು ಪಾಳೆಯದವರು ಇನ್ನೂ ಸುಲಭಜೀವಿಗಳು: ವಸಾಹತುಶಾಹಿ ಕಣ್ಣು ಎಂದರೆ ಅವರ ಕೆಲಸ ಮುಗಿಯಿತು. ಎಲ್ಲ ಬೀಗಕ್ಕೂ ಒಂದೇ ಕೀಲಿ! ಹಾಗಿದ್ದರೆ 1983ರಲ್ಲಿ, ಕಂಪನಿ ಸರ್ಕಾರವೂ ಇಲ್ಲದ, ಕದಲುವವರನ್ನೂ ಹಿಡಿಯಬಲ್ಲ ಫಿಲ್ಮ್ ಇದ್ದ ಕಾಲದಲ್ಲಿ, ಕಲ್ಲೇ ಏಕೆ ಮತ್ತೆ ನಾಯಕನಾಯಿತು? ದೋಷ ನೋಡಿದವನ ಜಾತಕದಲ್ಲಿಲ್ಲ, ನೋಡಿದ ಕ್ರಮದಲ್ಲಿದೆ. ಈ ಎರಡೂ ಪಾಳೆಯಗಳು ಚಿತ್ರ ತೆಗೆದವನ ಬಗ್ಗೆ ಜಗಳವಾಡುತ್ತವೆ. ಚಿತ್ರದಾಚೆಯ ಊರನ್ನು ಯಾರೂ ವಿಚಾರಿಸುವುದಿಲ್ಲ.

ದಾಖಲೆಯಾಗಿ ಇವು ಬೆಲೆಯುಳ್ಳವು, ಒಪ್ಪೋಣ. ಆ ಶಿಖರವಿತ್ತು ಎಂದು ಕಣ್ಣಾರೆ ತೋರಿಸುವುದು ಸಣ್ಣ ಉಪಕಾರವಲ್ಲ. ಆದರೆ 2011ರಲ್ಲಿ ವಿರೂಪಾಕ್ಷನ ಎದುರಿನ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಬೀದಿಯನ್ನು ಬರಿದು ಮಾಡಿದರು. ಇಂದು ಜನವಿಲ್ಲದ ಹೊತ್ತು ನೋಡಿ ಆ ಬೀದಿಯ ಚಿತ್ರ ತೆಗೆದು ಗ್ರೀನ್‌ಲಾನ ಹಂಪಿಯ ಪಕ್ಕಕ್ಕಿಡಿ. ಏನೂ ಬದಲಾಗಿಲ್ಲ ಎನಿಸೀತು.