ಉಡುವ ಸೀರೆ, ತೊಡುವ ಸೀರೆ: ಒಂದು ಚಿತ್ರದ ಮರುಓದು

ರಾಜಾ ರವಿವರ್ಮ ಇಡೀ ಭಾರತದ ಹೆಣ್ಣಿಗೆ ಒಂದೇ ಬಗೆಯ ಸೀರೆ ಉಡಿಸಿದ ಎಂಬ ಮಾತು ಕಲಾವಿಮರ್ಶೆಯಲ್ಲಿ ಈಗ ಸವಕಲಾಗಿದೆ. ಮಾತು ಪೂರ್ಣ ಸುಳ್ಳಲ್ಲ. ಆದರೆ ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ, 1889ರ ಸುಮಾರಿಗೆ ಸೇರಿದ ಅವನ 'ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್' ಚಿತ್ರದ ಮುಂದೆ ನಿಂತವರು ಇದನ್ನು ಸುಲಭವಾಗಿ ಒಪ್ಪಲಾರರು. ಅಲ್ಲಿ ಹನ್ನೊಂದು ಮಂದಿ ಸ್ತ್ರೀಯರು ಒತ್ತೊತ್ತಾಗಿ ಸೇರಿದ್ದಾರೆ. ವೀಣೆ ಹಿಡಿದ ನಾಯರ್ ಹೆಣ್ಣು ಮುಂಡು ಉಟ್ಟಿದ್ದಾಳೆ, ಮರಾಠಿ ಉಡುಗೆಯವಳಿದ್ದಾಳೆ, ಮುಸ್ಲಿಂ ಕಲಾವಿದೆಯದು ಹೊಲಿದ ಉಡುಪು, ಹಿಂದೆ ಟೊಪ್ಪಿಗೆಯಿಟ್ಟ ಪಾಶ್ಚಾತ್ಯ ವೇಷದವಳೂ ಉಂಟು. ಒಂದೇ ಚೌಕಟ್ಟಿನೊಳಗೆ ಕೂಡಿಸಿದರೂ ಚಿತ್ರಕಾರ ಅವರ ಬಟ್ಟೆಗಳನ್ನು ಒಂದಾಗಿಸಿಲ್ಲ. ಇದನ್ನು ಕೇವಲ ಏಕತೆಯ ಚಿತ್ರವೆಂದು ಓದುವ ವಿಮರ್ಶೆ ಚೌಕಟ್ಟನ್ನು ನೋಡುತ್ತದೆಯೇ ಹೊರತು ನೆರಿಗೆಗಳನ್ನಲ್ಲ.

ಏಕರೂಪತೆ ಬಂದದ್ದು ಬೇರೆ ದಾರಿಗಳಿಂದ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯದ ಲಕ್ಷ್ಮೀ ಸರಸ್ವತಿಯರು ಅಚ್ಚಾಗಿ ಮನೆಮನೆಯ ಗೋಡೆಯೇರಿದರು. ಅದಕ್ಕೂ ಮುನ್ನ, 1860ರ ದಶಕದಲ್ಲಿ, ಪತಿ ಸತ್ಯೇಂದ್ರನಾಥ ಟಾಗೋರರೊಡನೆ ಮುಂಬಯಿಗೆ ಬಂದ ಜ್ಞಾನದಾನಂದಿನೀ ದೇವಿಯವರು ಪಾರ್ಸಿ ಸ್ತ್ರೀಯರು ಉಡುವ ಕ್ರಮವನ್ನು ಕಂಡು, ಮಾರ್ಪಡಿಸಿ, ರವಿಕೆ ಒಳಲಂಗಗಳೊಡನೆ ಬಂಗಾಳಕ್ಕೆ ಒಯ್ದಿದ್ದರು. ಇದು ವಸಾಹತುಶಾಹಿ ಸಂಕೋಚದ ಫಲ ಮಾತ್ರ ಎನ್ನುವವರೊಡನೆ ನಮ್ಮ ಸಹಮತವಿಲ್ಲ. ಅಂತಃಪುರದಿಂದ ಸಭೆಗೆ ಬರಬೇಕಾಗಿದ್ದ ಹೆಣ್ಣಿಗೆ ಅದು ಬಿಡುಗಡೆಯ ಉಡುಗೆಯೂ ಆಗಿತ್ತು. ತೊಡಕಿರುವುದು ಮುಂದಿನ ಹಂತದಲ್ಲಿ: ಮುಂದೆ ನೆರಿಗೆ, ಎಡಹೆಗಲ ಮೇಲೆ ಸೆರಗು ಎಂಬ 'ನಿವಿ' ಕ್ರಮವೇ ಅನಾದಿಯಾದ ಸಂಪ್ರದಾಯವೆಂಬ ಭಾವನೆ ಬೇರೂರಿತು.

ಕನ್ನಡ ನಾಡಿನ ಎರಡು ಕ್ರಮಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕೊಡವ ಸ್ತ್ರೀಯರ ನೆರಿಗೆ ಇರುವುದು ಬೆನ್ನ ಕಡೆ. ಸೆರಗು ಎಡತೋಳಿನ ಕೆಳಗಿನಿಂದ ಹಾಯ್ದು ಬಲಹೆಗಲಲ್ಲಿ ನಿಲ್ಲುತ್ತದೆ. ಉತ್ತರ ಕರ್ನಾಟಕದ ಕಚ್ಚೆಗೆ ಒಂಬತ್ತು ಗಜ, ಎಂದರೆ 8 ಮೀಟರಿಗೂ ಮೀರಿದ ಬಟ್ಟೆ ಬೇಕು. ಕಾಲುಗಳ ನಡುವೆ ತೆಗೆದು ಹಿಂದೆ ಸಿಕ್ಕಿಸುವುದರಿಂದ ಒಳಲಂಗದ ಹಂಗಿಲ್ಲ. ಬಗ್ಗಿ ಕಳೆ ಕೀಳುವವಳಿಗೆ ಒದಗುವ ಉಡುಗೆಯಿದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗು ಸೇರುವುದು ಹೀಗೆ. ತಲೆಯ ಮೇಲೆ ಬರುವ ಭಾಗ ಕೆಂಪಾಗಿ, ಬಿಳಿಯ ತೆನೆಗಳಿಂದ ಎದ್ದು ಕಾಣುತ್ತದೆ. ಮಹಾರಾಷ್ಟ್ರದಲ್ಲಿಯೂ 'ಇರಕಲ್' ಎಂದು ಮನ್ನಣೆ ಪಡೆದ ಈ ಸೀರೆಯ ಸೊಬಗನ್ನು ಬಣ್ಣ ಅಂಚುಗಳಿಂದಷ್ಟೇ ಅಳೆಯುವವರು ನೇಯ್ಗೆಗೂ ಉಡುವ ರೀತಿಗೂ ಇರುವ ಈ ನಂಟನ್ನು ಕಾಣರು. ವಸ್ತುಸಂಗ್ರಹಾಲಯಗಳಲ್ಲಿ ಮಡಿಸಿಟ್ಟ ಸೀರೆಯ ಪಕ್ಕದ ಚೀಟಿ ನೂಲು, ಊರು, ಕಾಲಗಳನ್ನು ಹೇಳಿ ಸುಮ್ಮನಾಗುವುದು ಇದೇ ಕುರುಡಿನಿಂದ.

ಈ ಭೇದವನ್ನು ಕನ್ನಡದ ಕ್ರಿಯಾಪದಗಳು ಇನ್ನೂ ಕಾಪಾಡಿಕೊಂಡಿವೆ. ಸೀರೆ, ಪಂಚೆಗಳನ್ನು 'ಉಡು'ತ್ತೇವೆ. ಕುಪ್ಪಸ, ಅಂಗಿ, ಬಳೆಗಳನ್ನು 'ತೊಡು'ತ್ತೇವೆ. ಉಡುಗೆತೊಡುಗೆ ಎಂಬ ಜೋಡುನುಡಿ ಬರಿಯ ಪ್ರಾಸವಲ್ಲ. ಮೈಗೆ ಸುತ್ತಿ ರೂಪ ಕೊಡಬೇಕಾದದ್ದು ಒಂದು, ರೂಪ ತಳೆದೇ ಬಂದು ಮೈಯನ್ನು ಒಳಗೊಳ್ಳುವುದು ಇನ್ನೊಂದು. ಹಾಗೆ ನೋಡಿದರೆ ಉಡುವವಳು ದಿನವೂ ಆ ಬಟ್ಟೆಯ ಅರ್ಧ ಕರ್ತೃ. ಈಚೆಗೆ ಪೇಟೆಗೆ ಬಂದಿರುವ, ನೆರಿಗೆಯನ್ನು ಮೊದಲೇ ಹೊಲಿದ ಸಿದ್ಧ ಸೀರೆ ಕೆಲಸಕ್ಕೆ ಓಡುವ ನಗರದ ಹೆಣ್ಣಿಗೆ ಅನುಕೂಲವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಉಡಬೇಕೋ ತೊಡಬೇಕೋ? ಆಡುಮಾತು ಈ ಗೊಡವೆಗೆ ಹೋಗದೆ 'ಸೀರೆ ಹಾಕಿಕೊಂಡೆ' ಎನ್ನತೊಡಗಿದೆ. ನಿಘಂಟುಕಾರರು ಗಮನಿಸಬೇಕಾದ ಪ್ರಯೋಗ.