ಕಂಬಂ ಕಣಿವೆಯ ಜನವರಿ 15

ದಿನಪತ್ರಿಕೆಗಳ ಒಳಪುಟದಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದಡಿ ನಿತ್ಯ ಅಚ್ಚಾಗುವ ನಾಲ್ಕಾರು ಸಾಲುಗಳನ್ನು ಕತ್ತರಿಸಿ, ಅಂಟಿಸಿ, ವರ್ಷಗಟ್ಟಲೆ ಕೂಡಿಡುವ ಹವ್ಯಾಸಕ್ಕೆ ಕನ್ನಡದಲ್ಲಿ ದಿನವಿಶೇಷ ಸಂಗ್ರಹವೆಂಬ ಹೆಸರು ಸಲ್ಲುತ್ತದೆ. ಇಂಥ ಸಂಗ್ರಹದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ನಮೂದುಗಳಿರುತ್ತವೆ: ಆ ತಾರೀಖಿನಂದು ನಡೆದ ಘಟನೆಗಳು, ಅಂದು ಹುಟ್ಟಿದ ಅಥವಾ ತೀರಿಕೊಂಡ ಪ್ರಸಿದ್ಧರ ಹೆಸರುಗಳು, ಮತ್ತು ಸರ್ಕಾರಗಳೋ ಸಂಘಗಳೋ ವ್ಯಾಪಾರಿಗಳೋ ಆ ದಿನಕ್ಕೆ ಅಂಟಿಸಿದ ಆಚರಣೆಗಳು. ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ತಾರೀಖು ಉಳಿದು ಊರು ಕಳೆದುಹೋಗುವುದು ಈ ಹವ್ಯಾಸದ ದೊಡ್ಡ ಕೊರತೆ. ಲಂಡನ್ನಿನ ಘಟನೆಗೂ ಲಖನೌದ ಜನ್ಮದಿನಕ್ಕೂ ಇರುವ ನಂಟು ಕೇವಲ ಒಂದು ಅಂಕಿಯದಾಗಿರುವುದರಿಂದ, ಓದುಗನಿಗೆ ಯಾವುದು ತನಗೆ ಸಂಬಂಧಿಸಿದ್ದು ಎಂಬ ತಿಳಿವಳಿಕೆ ಹುಟ್ಟುವುದೇ ಇಲ್ಲ. ಆದ್ದರಿಂದ ಒಂದು ತಾರೀಖನ್ನು ಒಂದು ನೆಲದ ಮೇಲೆ ನಿಲ್ಲಿಸಿ ಓದುವುದು ಹೆಚ್ಚು ಫಲಕಾರಿ. ಅದಕ್ಕೆ ಜನವರಿ 15 ಮತ್ತು ತಮಿಳುನಾಡಿನ ತೇನಿ ಜಿಲ್ಲೆಗಿಂತ ಒಳ್ಳೆಯ ಜೋಡಿ ದಕ್ಷಿಣ ಭಾರತದಲ್ಲಿ ಸಿಗುವುದು ಕಷ್ಟ.

ಮದುರೆಯಿಂದ ಕೊಚ್ಚಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ಬೋಡಿನಾಯಕ್ಕನೂರನ್ನು ದಾಟಿ, ಹದಿನೇಳು ಹಿಮ್ಮುರಿ ತಿರುವುಗಳಲ್ಲಿ ಪಶ್ಚಿಮ ಘಟ್ಟವನ್ನೇರಿ ಕೇರಳದ ಇಡುಕ್ಕಿ ಜಿಲ್ಲೆಯನ್ನು ಮುಟ್ಟುವ ಕಣಿವೆ ಬಾಯಿಯೇ ಬೋಡಿಮೆಟ್ಟು. ಅಲ್ಲಿಂದ ಪಶ್ಚಿಮಕ್ಕೆ ನೈಋತ್ಯ ಮುಂಗಾರಿನಲ್ಲಿ ತೊಯ್ದ ಏಲಕ್ಕಿ ತೋಟಗಳೂ ಚಹಾ ತೋಟಗಳೂ ಹಬ್ಬಿದ್ದರೆ, ಪೂರ್ವಕ್ಕೆ ಅದೇ ಮುಂಗಾರು ಬೆಟ್ಟದಲ್ಲೇ ಖಾಲಿಯಾಗಿ ಬರುವ ಮಳೆನೆರಳಿನ ಬಯಲು ಬಿಸಿಲಿಗೆ ಒಡ್ಡಿಕೊಂಡಿರುತ್ತದೆ; ಮಳೆನೆರಳೆಂದರೆ ಪರ್ವತವು ಮೋಡದ ನೀರನ್ನು ತನ್ನ ಒಂದು ಮಗ್ಗುಲಲ್ಲೇ ಇಳಿಸಿಕೊಂಡು ಇನ್ನೊಂದು ಮಗ್ಗುಲನ್ನು ಒಣಗಿಸುವ ಸ್ಥಿತಿ. ಈ ಒಂದು ನೋಟವನ್ನು ಅರ್ಥಮಾಡಿಕೊಂಡರೆ, ತೇನಿ ಜಿಲ್ಲೆಯ ಕಂಬಂ ಕಣಿವೆಯ ಮನೆಗಳಲ್ಲಿ ದೇವರ ಪಟಗಳ ಪಕ್ಕದಲ್ಲಿ ಮೀಸೆಯ ಇಂಗ್ಲಿಷ್ ಎಂಜಿನಿಯರೊಬ್ಬನ ಪಟ ಏಕೆ ತೂಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಆ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ಆತ ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ. ಇಂಗ್ಲೆಂಡಿನಲ್ಲಿ ಸೈನಿಕ ಎಂಜಿನಿಯರಿಂಗ್ ಕಲಿತು 1860ರಲ್ಲಿ ಮದರಾಸಿಗೆ ಬಂದ ಆತನ ಹೆಸರು ಉಳಿದಿರುವುದು ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಯನ್ನು ಬೆಟ್ಟದ ಮೇಲೆಯೇ ತಡೆದು, ನೀರಿನ ಮಟ್ಟವನ್ನೇರಿಸಿ, ಜಲವಿಭಾಜಕದ ಬಂಡೆಯನ್ನು ಕೊರೆದ ಸುಮಾರು 1.7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಅದನ್ನು ಪೂರ್ವಕ್ಕೆ ತಿರುಗಿಸಿ ವೈಗೈ ನದಿಯ ಜಲಾನಯನಕ್ಕೆ ಸೇರಿಸುವುದು ಈ ಯೋಜನೆಯ ತಿರುಳು. ಜಲವಿಭಾಜಕವೆಂದರೆ ಮಳೆನೀರು ಯಾವ ಸಮುದ್ರಕ್ಕೆ ಹೋಗಬೇಕೆಂದು ನಿರ್ಧರಿಸುವ ಬೆಟ್ಟದ ನೆತ್ತಿಯ ಗೆರೆ. ಆ ಗೆರೆಯನ್ನೇ ದಾಟಿಸಿ ಒಂದು ನದಿಯ ನೀರನ್ನು ಇನ್ನೊಂದು ಕಡಲಿನ ದಿಕ್ಕಿಗೆ ಕಳಿಸಿದ ಕೆಲಸ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರಿಂಗಿನಲ್ಲಿ ಅಸಾಮಾನ್ಯವಾದುದು.

ಕಲ್ಪನೆ ಪೆನ್ನಿಕ್ವಿಕ್‌ನದಲ್ಲ ಎಂಬುದನ್ನು ದಿನವಿಶೇಷಗಳು ಮರೆಯುತ್ತವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ರಾಮನಾಥಪುರ ಸಂಸ್ಥಾನದ ಪ್ರಧಾನಿಯಾಗಿದ್ದ ಮುತ್ತಿರುಳಪ್ಪ ಪಿಳ್ಳೆಯವರು ಈ ನೀರನ್ನು ಪೂರ್ವಕ್ಕೆ ತರಲು ಯೋಚಿಸಿದ್ದರು. 1808ರಲ್ಲಿ ಪರಿಶೀಲಿಸಿದ ಕ್ಯಾಪ್ಟನ್ ಕಾಲ್ಡ್‌ವೆಲ್ ಇದು ಆಗದ ಮಾತೆಂದು ವರದಿ ಕೊಟ್ಟಿದ್ದ. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಮದರಾಸು ಪ್ರಾಂತ್ಯವೂ ಮೈಸೂರು ಸೀಮೆಯೂ ಬೆಂದ ಮೇಲೆ ಸರ್ಕಾರ ಮತ್ತೆ ಎಚ್ಚೆತ್ತಿತು. ಅಣೆಕಟ್ಟಿನ ಜಾಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದರಿಂದ 1886ರ ಅಕ್ಟೋಬರ್ 29ರಂದು 8,000 ಎಕರೆ ನೆಲಕ್ಕೆ, ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ, 999 ವರ್ಷಗಳ ಗುತ್ತಿಗೆ ಒಪ್ಪಂದವಾಯಿತು. 1887ರಲ್ಲಿ ಆರಂಭವಾದ ಕೆಲಸ ಕಾಡಿನ ಮಲೇರಿಯಾ ಮತ್ತು ಕಾಲರಾಗಳಿಗೆ ಕೂಲಿಗಳನ್ನು ಬಲಿಕೊಡುತ್ತ, ಕಟ್ಟಿದ ಒಡ್ಡುಗಳನ್ನು ಪ್ರವಾಹಕ್ಕೆ ಕಳೆದುಕೊಳ್ಳುತ್ತ ಎಂಟು ವರ್ಷ ಸಾಗಿತು. ಸುಣ್ಣ ಮತ್ತು ಸುರ್ಕಿಯ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಗಾರೆಯ, ಕಲ್ಲುಕಟ್ಟಡವನ್ನು 1895ರ ಅಕ್ಟೋಬರ್ 10ರಂದು ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಉದ್ಘಾಟಿಸಿದ. ಈ ಕೆಲಸದಲ್ಲಿ ಪ್ರಾಣ ಬಿಟ್ಟ ಕೂಲಿಗಳ ಹೆಸರಿನಲ್ಲಿ ಯಾವ ತಾರೀಖೂ ಇಲ್ಲ. ಜನವರಿ 15ರ ನಮೂದಿನಲ್ಲಿ ಎಂಜಿನಿಯರನ ಹೆಸರಿನ ಜೊತೆಗೆ ಅವರ ಸಾವನ್ನೂ ಒಂದು ವಾಕ್ಯದಲ್ಲಾದರೂ ಸೇರಿಸುವುದು ಸಂಗ್ರಾಹಕನ ಕರ್ತವ್ಯ.

ಸರ್ಕಾರದ ಹಣ ನಿಂತುಹೋದಾಗ ಪೆನ್ನಿಕ್ವಿಕ್ ಇಂಗ್ಲೆಂಡಿನ ತನ್ನ ಆಸ್ತಿಯನ್ನೂ ಹೆಂಡತಿಯ ಒಡವೆಗಳನ್ನೂ ಮಾರಿ ಅಣೆಕಟ್ಟು ಮುಗಿಸಿದನೆಂದು ಕಣಿವೆಯ ಜನ ನಂಬುತ್ತಾರೆ. ಇಂಥ ಕಥೆಯನ್ನು ತಾರೀಖಿನ ಪಟ್ಟಿಯಲ್ಲಿ ಘಟನೆಯೆಂದು ಬರೆಯಬಾರದು, ನಂಬಿಕೆಯೆಂದು ಬರೆಯಬೇಕು. ಹಾಗೆ ಬರೆದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಏಕೆಂದರೆ ಒಂದು ಜನಸಮುದಾಯ ತನಗೆ ನೀರು ಕೊಟ್ಟವನನ್ನು ಎಷ್ಟು ಎತ್ತರದಲ್ಲಿ ನಿಲ್ಲಿಸಿದೆ ಎಂಬುದಕ್ಕೆ ಅದೇ ಸಾಕ್ಷಿ. ಕಂಬಂ ಕಣಿವೆಯ 14,707 ಎಕರೆ ಇಬ್ಬೆಳೆ ಗದ್ದೆ ಈ ನೀರನ್ನೇ ನಂಬಿದೆ, ಮೊದಲ ಬೆಳೆಗೆ ಜೂನ್ 1ರಂದು ನೀರು ಬಿಡುವುದು ಅಲ್ಲಿನ ರೂಢಿ. ಹೀಗಾಗಿ ಈ ರೈತರಿಗೆ ವರ್ಷದಲ್ಲಿ ಎರಡು ತಾರೀಖುಗಳು ನೆನಪಿನಲ್ಲಿರುತ್ತವೆ: ಒಂದು ನೀರು ಬರುವ ದಿನ, ಇನ್ನೊಂದು ನೀರು ತಂದವನು ಹುಟ್ಟಿದ ದಿನ. ತೇನಿಯ ಬಳಿಯ ಪಾಲಾರ್‌ಪಟ್ಟಿಯ ರೈತರು ಜನವರಿ 15ರಂದು ಆತನ ಪಟದ ಮುಂದೆ ಹೊಸಕ್ಕಿಯ ಪೊಂಗಲ್ ಉಕ್ಕಿಸುತ್ತಾರೆ. ಘಟ್ಟದ ಬುಡದ ಲೋಯರ್ ಕ್ಯಾಂಪಿನಲ್ಲಿ ಆತನ ಸ್ಮಾರಕ ಮಂಟಪವನ್ನು 2013ರ ಜನವರಿ 15ರಂದು ಮುಖ್ಯಮಂತ್ರಿ ಜಯಲಲಿತಾ ಉದ್ಘಾಟಿಸಿದರು. ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಆತನ ಪ್ರತಿಮೆ ನಿಲ್ಲಿಸುವುದಾಗಿ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಘೋಷಿಸಿದ್ದು 2022ರ ಜನವರಿ 15ರಂದು. ಅಣೆಕಟ್ಟಿನ ಭದ್ರತೆ ಮತ್ತು ನೀರಿನ ಮಟ್ಟದ ಬಗ್ಗೆ ಕೇರಳಕ್ಕೂ ತಮಿಳುನಾಡಿಗೂ ನಡುವೆ ದೀರ್ಘ ವಿವಾದವಿದ್ದು, 2014ರ ಮೇ 7ರಂದು ಸುಪ್ರೀಂ ಕೋರ್ಟ್ 142 ಅಡಿಯವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿತು. ಬೆಟ್ಟದ ಪಶ್ಚಿಮದ ಜನರ ದಿನದರ್ಶಿಕೆಯಲ್ಲಿ ಈ ಜನ್ಮದಿನಕ್ಕೆ ಹಬ್ಬದ ಬಣ್ಣವಿಲ್ಲದಿರುವುದು ಸಹಜವೇ.

ಇಲ್ಲಿಯವರೆಗಿನದು ತಮಿಳು ನಾಡಿನ ಸಂಗತಿಯೆಂದು ಕನ್ನಡದ ಓದುಗರು ಪಕ್ಕಕ್ಕಿಡುವಂತಿಲ್ಲ. ಕಂಬಂ ಕಣಿವೆಯ ಬೇಸಾಯಗಾರರಲ್ಲಿ ಕಪ್ಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರೂ ಅನುಪ್ಪರೂ ಮನೆಯಲ್ಲಿ ಕನ್ನಡವಾಡುವ ಸಮುದಾಯಗಳು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ವಲಸೆ ಬಂದರೆಂಬುದು ಅವರ ಪರಂಪರೆಯ ಮಾತು. ಡಬ್ಲ್ಯು. ಫ್ರಾನ್ಸಿಸ್ 1906ರಲ್ಲಿ ಸಿದ್ಧಪಡಿಸಿದ ಮದುರೆ ಜಿಲ್ಲೆಯ ಗೆಜೆಟಿಯರಿನಲ್ಲೂ ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೂ ಇವರ ವಿವರಗಳಿವೆ. ಕಂಬಂನಲ್ಲಿ ಈ ಒಕ್ಕಲಿಗರು ದೇವರ ಹೆಸರಿನಲ್ಲಿ ಒಂದು ದನಗಳ ಹಿಂಡನ್ನು ಸಾಕುತ್ತಾರೆ. ತಮಿಳಿನಲ್ಲಿ ಇದು ‘ತಂಬಿರಾನ್ ಮಾಡು’, ಕನ್ನಡದಲ್ಲಿ ‘ದೇವರ ಆವು’. ಹಿಂಡಿನ ಮುಂದಾಳು ಹೋರಿಗೆ ‘ಪಟ್ಟದ ಆವು’ ಎಂಬ ಹೆಸರಿದ್ದು, ಅದು ಸತ್ತ ಮೇಲೆ ಇಡೀ ಹಿಂಡನ್ನು ಸೇರಿಸಿ, ಕರ್ಪೂರ ಹಚ್ಚಿ, ಬಾಳೆಹಣ್ಣು, ವೀಳ್ಯ ಇಟ್ಟು ಪೂಜಿಸಿ, ಒಂದು ಹೊರೆ ಕಬ್ಬನ್ನು ಮುಂದಿಟ್ಟಾಗ ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೆಯೋ ಅದಕ್ಕೇ ಪಟ್ಟ ಕಟ್ಟುವ ಪದ್ಧತಿಯನ್ನು ಆ ಗ್ರಂಥಗಳು ದಾಖಲಿಸಿವೆ. ಕಂಬಂನ ನಂದಗೋಪಾಲನ ದನದ ತೊಳುವಿಗೆ, ಎಂದರೆ ದೊಡ್ಡಿಯಂಥ ಗುಡಿಗೆ, ಮಾಟ್ಟು ಪೊಂಗಲ್ ದಿನ ಸುತ್ತಣ ಊರುಗಳಿಂದ ಜನ ಬಂದು ಹರಕೆ ಒಪ್ಪಿಸುತ್ತಾರೆ. ಮಾಟ್ಟು ಪೊಂಗಲೆಂದರೆ ತಮಿಳರ ತೈ ತಿಂಗಳ ಎರಡನೆಯ ದಿನ, ದನಕರುಗಳ ಹಬ್ಬ; ಕರ್ನಾಟಕದಲ್ಲಿ ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವವರಿಗೆ ಇದು ಪರಕೀಯವೆನಿಸದು. ತೈ ತಿಂಗಳು ಜನವರಿ 14ರಂದು ಹುಟ್ಟಿದ ವರ್ಷಗಳಲ್ಲಿ ಈ ಪೂಜೆ ಜನವರಿ 15ಕ್ಕೇ ಬೀಳುವುದರಿಂದ, ಅಂಥ ವರ್ಷಗಳಲ್ಲಿ ಒಂದೇ ಕಣಿವೆಯಲ್ಲಿ ಒಂದೇ ದಿನ ಪುಣೆಯಲ್ಲಿ ಹುಟ್ಟಿದ ಇಂಗ್ಲಿಷಿನವನಿಗೂ ಕನ್ನಡ ಒಕ್ಕಲಿಗರ ಹೋರಿಗಳಿಗೂ ಗೌರವ ಸಲ್ಲುತ್ತದೆ. ಯಾವ ದಿನವಿಶೇಷದ ಪಟ್ಟಿಯಲ್ಲೂ ಈ ಎರಡನೆಯ ನಮೂದು ಕಾಣಿಸುವುದಿಲ್ಲ. ಈ ತಾರೀಖಿನ ನಮೂದುಗಳಲ್ಲಿ ಕನ್ನಡಿಗರು ತಪ್ಪದೆ ಬರೆದುಕೊಳ್ಳಬೇಕಾದದ್ದು ಇದೇ.

ಕನ್ನಡ ನಾಡಿಗೆ ಸೇರಿದ ಇನ್ನೊಂದು ನಮೂದು ಎಲ್ಲರಿಗೂ ಗೊತ್ತಿರುವಂಥದು. ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಭಾರತದ ಭೂಸೇನೆಯ ಅಧಿಕಾರ ವಹಿಸಿಕೊಂಡು, ಆ ಹುದ್ದೆಗೇರಿದ ಮೊದಲ ಭಾರತೀಯರಾದರು. ಆ ಕಾರಣದಿಂದ ಆ ದಿನ ಸೇನಾ ದಿನವಾಯಿತು. 

ಪ್ರಪಂಚದ ಉಳಿದ ನಮೂದುಗಳಲ್ಲಿ ಕೆಲವನ್ನು ಮಾತ್ರ ಈ ನೆಲಕ್ಕೆ ತಂದು ನಿಲ್ಲಿಸಬಹುದು. 1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳವನ್ನು ಕೆಡವಿದ ಭೂಕಂಪ ತಮಿಳು ದೇಶದ ದಕ್ಷಿಣ ತುದಿಯಲ್ಲಿ ಒಂದು ದೊಡ್ಡ ವಾದಕ್ಕೆ ಕಾರಣವಾಯಿತು: ಆಗ ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಜನವರಿ 24ರಂದು ತಿರುನೆಲ್ವೇಲಿಯಲ್ಲಿ ಮಾತನಾಡುತ್ತ, ಆ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ದಂಡನೆಯೆಂದು ಹೇಳಿದರು, ರವೀಂದ್ರನಾಥ ಠಾಕೂರರು ಪ್ರಕೃತಿಯ ಘಟನೆಗೆ ನೈತಿಕ ಕಾರಣ ಕಟ್ಟುವುದನ್ನು ಬಹಿರಂಗವಾಗಿ ವಿರೋಧಿಸಿದರು. ಈ ವಾದದಲ್ಲಿ ನ್ಯಾಯ ಠಾಕೂರರ ಕಡೆಗಿತ್ತು. 1929ರ ಜನವರಿ 15ರಂದು ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಗಾಂಧಿಯ ನಾಡನ್ನು ನೋಡಲು ಬಂದಾಗ, ದಿಂಡಿಗಲ್ ಬಳಿಯ ಗಾಂಧಿಗ್ರಾಮಕ್ಕೂ ಭೇಟಿ ಕೊಟ್ಟರು, ಟಿ. ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ 1947ರಲ್ಲಿ ಸ್ಥಾಪಿಸಿದ ಗ್ರಾಮೀಣ ಶಿಕ್ಷಣದ ಆ ಕೇಂದ್ರ ಬೋಡಿಮೆಟ್ಟಿನಿಂದ ಇಳಿದು ಬಂದವರಿಗೆ ಅರ್ಧ ದಿನದ ಹಾದಿಯೂ ಅಲ್ಲ.

ಇವುಗಳ ಪಕ್ಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದದ್ದು (1759), ವಿಕಿಪೀಡಿಯ ಆರಂಭವಾದದ್ದು (2001), ಎಂಜಿನ್‌ಗಳು ಕೆಟ್ಟ ವಿಮಾನವೊಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದು 155 ಮಂದಿಯೂ ಬದುಕಿದ್ದು (2009) ಇವೆಲ್ಲ ನಿಲ್ಲುತ್ತವೆ. ಫುಟ್‌ಬಾಲ್ ಆಟಗಾರ ಚುನಿ ಗೋಸ್ವಾಮಿ (1938), ರಾಜಕಾರಣಿ ಮಾಯಾವತಿ (1956), ನಟಿ ಭಾನುಪ್ರಿಯಾ (1967) ಅವರ ಜನ್ಮದಿನಗಳೂ ಇವೆ. ಅಮೆರಿಕದಲ್ಲಿ ಇದೇ ದಿನವನ್ನು ಟೋಪಿ ದಿನವೆಂದು ಆಚರಿಸುವ ರೂಢಿಯೂ ಇದೆ. ಫ್ರೆಂಚ್ ನಾಟಕಕಾರ ಮೋಲಿಯೇರ್‌ನ ಜನ್ಮದಿನವೆಂದು ಎಷ್ಟೋ ಪಟ್ಟಿಗಳು ಕೊಡುವ 1622ರ ಜನವರಿ 15 ವಾಸ್ತವವಾಗಿ ಆತನ ದೀಕ್ಷಾಸ್ನಾನದ ದಿನ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ಪಟ್ಟಾಭಿಷೇಕದ 1559ರ ಜನವರಿ 15 ಹಳೆಯ ಜೂಲಿಯನ್ ಪಂಚಾಂಗದ ತಾರೀಖು. ತಾರೀಖು ಬರೆಯುವ ಮುನ್ನ ಅದು ಯಾವ ಪಂಚಾಂಗದ್ದು, ಯಾವ ದಾಖಲೆಯದ್ದು ಎಂದು ಕೇಳದ ಸಂಗ್ರಹ ಎಷ್ಟು ದಪ್ಪವಾಗಿದ್ದರೂ ಹಗುರವಾದದ್ದೇ. ಮನುಷ್ಯರು ತಮ್ಮ ತಾರೀಖನ್ನು ತಾವೇ ಬದಲಿಸಿಕೊಳ್ಳುವುದೂ ಉಂಟು: ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ 1943ರ ಜೂನ್ 3ರಂದು ಹುಟ್ಟಿದ ಸಂಗೀತ ನಿರ್ದೇಶಕ ಇಳಯರಾಜ, ಆ ದಿನ ಎಂ. ಕರುಣಾನಿಧಿಯವರ ಹುಟ್ಟುಹಬ್ಬವೂ ಆಗಿರುವುದರಿಂದ, ಅದು ಅವರಿಗೇ ಮೀಸಲಾಗಲೆಂದು ತಮ್ಮ ಹುಟ್ಟುಹಬ್ಬವನ್ನು ಜೂನ್ 2ಕ್ಕೆ ಆಚರಿಸಿಕೊಳ್ಳುತ್ತ ಬಂದಿದ್ದಾರೆ.

ಪೆನ್ನಿಕ್ವಿಕ್‌ನ ಹುಟ್ಟುಹಬ್ಬವೂ ಪೊಂಗಲ್ಲೂ ಒಂದಾಗಿರುವುದರ ಹಿಂದೆಯೂ ಪಂಚಾಂಗದ ಒಂದು ನಡೆ ಇದೆ. ಸಂಕ್ರಾಂತಿಯನ್ನು ಸೂರ್ಯನು ನಕ್ಷತ್ರಗಳ ಹಿನ್ನೆಲೆಯಲ್ಲಿ ಮಕರ ರಾಶಿಯನ್ನು ಪ್ರವೇಶಿಸುವ ಕ್ಷಣದಿಂದ ಎಣಿಸುತ್ತಾರೆ. ಈ ನಾಕ್ಷತ್ರಿಕ ವರ್ಷವು ಋತುಗಳನ್ನು ಅನುಸರಿಸುವ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದಾದುದರಿಂದ, ಸಂಕ್ರಾಂತಿ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಮಕರ ಸಂಕ್ರಾಂತಿಯಂದು ಹುಟ್ಟಿದರೂ ಅವರ ಜನ್ಮದಿನ 1863ರ ಜನವರಿ 12 ಆಗಿರುವುದು ಇದೇ ಕಾರಣಕ್ಕೆ. ಪೆನ್ನಿಕ್ವಿಕ್ ಹುಟ್ಟಿದ 1841ರಲ್ಲಿ ಸಂಕ್ರಾಂತಿ ಜನವರಿ 12ರ ಸುಮಾರಿಗೇ ಮುಗಿದುಹೋಗಿತ್ತು. ಅವನ ಹುಟ್ಟುಹಬ್ಬಕ್ಕೂ ತೈ ತಿಂಗಳ ಮೊದಲ ದಿನಗಳಿಗೂ ಈಗಿನ ಗಂಟು ಬಿದ್ದಿರುವುದು ನಮ್ಮ ಕಾಲದಲ್ಲಿ. ಇನ್ನು ನೂರು ವರ್ಷಗಳಲ್ಲಿ ಸಂಕ್ರಾಂತಿ ಸುಮಾರು ಒಂದೂವರೆ ದಿನ ಮುಂದೆ ಹೋಗುವುದರಿಂದ, ಆಗಿನ ಹೆಚ್ಚಿನ ವರ್ಷಗಳಲ್ಲಿ ಕಂಬಂ ಕಣಿವೆಯ ಜನವರಿ 15 ಪೊಂಗಲ್ ದಿನವಾಗಿರದೆ ಅದರ ಹಿಂದಿನ ಭೋಗಿಯ ದಿನವಾಗಿರುತ್ತದೆ.