ಬೋಳು ನೆತ್ತಿ, ಹಿಂದಲೆಯ ಬಂಡವಾಳ

ಕೂದಲು ಕಸಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಹಿಂದಲೆಯಲ್ಲೂ ಕಿವಿಗಳ ಮೇಲ್ಭಾಗದಲ್ಲೂ ಉಳಿದ ಬೇರುಗಳನ್ನು ತೆಗೆದು ಮುಂದಲೆಗೆ, ನೆತ್ತಿಗೆ ನೆಡುತ್ತಾರೆ, ಅಷ್ಟೆ. ಈ ವಿದ್ಯೆಯ ಶಕ್ತಿಯೂ ಮಿತಿಯೂ ಇದರಲ್ಲೇ ಇದೆ. ಹಣೆಯ ಎರಡು ಮೂಲೆಗಳು ಮಾತ್ರ ಸವೆದವರಿಗೆ ಮಿತಿ ಅಷ್ಟಾಗಿ ಕಾಡುವುದಿಲ್ಲ. ಹಣೆಯಿಂದ ಸುಳಿಯವರೆಗೆ ಎಲ್ಲವೂ ಹೋಗಿ, ಕಿವಿಯಿಂದ ಕಿವಿಗೆ ಒಂದು ಪಟ್ಟಿ ಮಾತ್ರ ಉಳಿದವರಿಗೆ, ಅಂದರೆ ನಾರ್‌ವುಡ್ ಮಾಪಕದ 6 ಮತ್ತು 7ನೇ ಹಂತದವರಿಗೆ, ಆ ಮಿತಿಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಇಂಥವರ ಕಸಿ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಮೊದಲ ರಂಧ್ರ ಕೊರೆಯುವ ಮುನ್ನವೇ, ಯೋಜನೆಯ ಕಾಗದದ ಮೇಲೆ.

1952ರಲ್ಲಿ ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಆರೆಂಟ್ರೈಕ್ ಪುರುಷರ ಬೋಳಿಗೆ ಮೊದಲ ಕಸಿ ಮಾಡಿದರು. ಹಿಂದಲೆಯ ಬೇರನ್ನು ಎಲ್ಲಿ ನೆಟ್ಟರೂ ಅದು ತನ್ನ ಮೂಲಗುಣ ಬಿಡುವುದಿಲ್ಲ ಎಂದು ಅವರು 1959ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಶಸ್ತ್ರಚಿಕಿತ್ಸೆಯ ಅಡಿಪಾಯ. ಆದರೆ ಆಗಿನ ಗ್ರಾಫ್ಟ್‌ಗಳು, ಅಂದರೆ ಬೇರುಸಹಿತ ನೆಡುವ ತುಣುಕುಗಳು, ಸುಮಾರು 4 ಮಿ.ಮೀ. ಅಗಲದವು. ಹಣೆಯ ಮೇಲೆ ಕೂದಲು ಗುಪ್ಪೆಗುಪ್ಪೆಯಾಗಿ ನಿಲ್ಲುತ್ತಿತ್ತು. 1988ರ ಹೊತ್ತಿಗೆ ಟೆಕ್ಸಾಸ್‌ನ ಬಾಬಿ ಲಿಮ್ಮರ್ ಸೂಕ್ಷ್ಮದರ್ಶಕದ ಕೆಳಗೆ, ಒಂದರಿಂದ ನಾಲ್ಕು ಕೂದಲಿರುವ ಸಹಜ ಗೊಂಚಲುಗಳನ್ನೇ ಬಿಡಿಸಿ ನೆಡತೊಡಗಿದರು. ಆಮೇಲೆ ಹಿಂದಲೆಯ ಚರ್ಮದ ಪಟ್ಟಿ ಕತ್ತರಿಸದೆ ಗೊಂಚಲುಗಳನ್ನು ಒಂದೊಂದಾಗಿ ತೆಗೆಯುವ ಎಫ್‌ಯುಇ ಬಂತು. ಕೈಚಳಕ ಇಷ್ಟು ಮುಂದುವರಿದರೂ ಹಿಂದಲೆಯ ಬಂಡವಾಳ ಮಾತ್ರ ಬೆಳೆದಿಲ್ಲ.

ಲೆಕ್ಕ ಹಾಕಿ ನೋಡೋಣ. ಪೂರ್ತಿ ಬೋಳಾದ ನೆತ್ತಿ ಸುಮಾರು 200 ಚದರ ಸೆಂ.ಮೀ. ಅಲ್ಲಿ ಮೊದಲು ಚದರ ಸೆಂ.ಮೀ.ಗೆ 70ರಷ್ಟು ಗೊಂಚಲುಗಳಿದ್ದವು ಎಂದರೂ ಕಳೆದುಕೊಂಡದ್ದು 14,000. ಹಿಂದಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದದ್ದು ಬಹಳ ಮಂದಿಯಲ್ಲಿ 6,000ದ ಆಸುಪಾಸು. ಮುಂಭಾಗದ 60 ಚದರ ಸೆಂ.ಮೀ.ಗೆ ತಲಾ 40ರಂತೆ 2,400, ನಡುನೆತ್ತಿಯ 70ಕ್ಕೆ ತಲಾ 30ರಂತೆ 2,100, ಸುಳಿಯ ಸುತ್ತಲಿನ 70ಕ್ಕೆ ತಲಾ 20ರಂತೆ 1,400 ಕೊಟ್ಟರೆ ಒಟ್ಟು 5,900. ಅಲ್ಲಿಗೆ ಗಂಟು ಖಾಲಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದ ಕೆಲಸವಿದು. ಸಮಾಧಾನದ ಸಂಗತಿ ಎಂದರೆ, ಅರ್ಧದಷ್ಟು ಸಾಂದ್ರತೆಯಿದ್ದರೂ ನಮ್ಮ ಕಣ್ಣು ತಲೆ ತುಂಬಿದೆ ಎಂದೇ ನಂಬುತ್ತದೆ. ಕೂದಲು ದಪ್ಪವಾಗಿ ಅಲೆಯಲೆಯಾಗಿದ್ದರೆ, ಕಪ್ಪು ಕೂದಲಿನ ಕೆಳಗೆ ಚರ್ಮವೂ ಕಂದು ಬಣ್ಣದ್ದಾಗಿದ್ದರೆ, ಆ ನಂಬಿಕೆ ಇನ್ನೂ ಸುಲಭ. ಎಷ್ಟೋ ಭಾರತೀಯರಿಗೆ ಈ ಅನುಕೂಲವಿದೆ.

ಒಳ್ಳೆಯ ಯೋಜನೆ ಮೊದಲು ಗುರುತು ಹಾಕುವುದು ಹಣೆಯ ಅಂಚಿಗೆ. ಹುಬ್ಬುಗಳ ನಡುವಿನಿಂದ 8–9 ಸೆಂ.ಮೀ. ಮೇಲೆ, ಎರಡೂ ಮೂಲೆಗಳನ್ನು ಕೊಂಚ ಹಿಂದಕ್ಕೇ ಬಿಟ್ಟು ಎಳೆದ ಅಂಚು ಐವತ್ತರಲ್ಲೂ ಅರವತ್ತರಲ್ಲೂ ಒಪ್ಪುತ್ತದೆ. ಅದರ ಮುಂಚೂಣಿಯಲ್ಲಿ ಒಂಟಿ ಕೂದಲಿನ ಗ್ರಾಫ್ಟ್‌ಗಳು, ಅದೂ ನೇರ ಸಾಲಾಗಿ ಅಲ್ಲ. ದಟ್ಟ ಗೊಂಚಲುಗಳೆಲ್ಲ ಹಿಂದೆ. ಮದುವೆಗೆ ಮುಂಚೆ ಬರುವ ಯುವಕರು ಇದಕ್ಕೆ ಒಪ್ಪುವುದು ಕಷ್ಟ. ಬೊಕ್ಕತಲೆಯ ವರನ ಸಂಕಟವನ್ನು 2017ರ 'ಒಂದು ಮೊಟ್ಟೆಯ ಕಥೆ' ಸಿನಿಮಾ ಕನ್ನಡಿಗರ ಮುಂದಿಟ್ಟಿತ್ತು. ಆ ಒತ್ತಡ ನಿಜ. ಆದರೆ ಇಪ್ಪತ್ತೈದರ ಯುವಕನಿಗೆ ಹದಿನೆಂಟರ ಹಣೆ ಕೊಡುವ ವೈದ್ಯರು ಅವನ ನಲವತ್ತನೆಯ ವರ್ಷದ ಗ್ರಾಫ್ಟ್‌ಗಳನ್ನು ಇಂದೇ ಖರ್ಚು ಮಾಡುತ್ತಾರೆ. ಹಿಂದಿನ ಕೂದಲು ಉದುರುತ್ತಲೇ ಹೋಗಿ, ಕೊನೆಗೆ ಮುಂದೆ ಒಂದು ಪಟ್ಟಿ ಮಾತ್ರ ನಿಲ್ಲುತ್ತದೆ.

ಸುಳಿಯದು ಇನ್ನೂ ಕಠಿಣ ಪ್ರಶ್ನೆ. ಅಲ್ಲಿ ಕೂದಲು ಎಲ್ಲ ದಿಕ್ಕಿಗೂ ಬಾಗುವುದರಿಂದ ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಎಷ್ಟು ಸುರಿದರೂ ಸಾಲದು. ಮುಖಕ್ಕೆ ಚೌಕಟ್ಟು ಕೊಡುವುದು ಮುಂಭಾಗ. ಹಾಗಾಗಿ 7ನೇ ಹಂತದವರಿಗೆ ಮುಂದೆ ಮತ್ತು ನಡುವೆ ಬಲವಾಗಿ ನೆಟ್ಟು, ಸುಳಿಯನ್ನು ತೆಳುವಾಗಿಯೋ ಬರಿದಾಗಿಯೋ ಬಿಡುವ ಯೋಜನೆಯೇ ವಿವೇಕದ್ದು. ಎದುರಿಗೆ ನಿಂತವರಿಗೆ ತುಂಬಿದ ತಲೆ, ಹಿಂದಿನಿಂದ ನೋಡಿದವರಿಗೆ ವಯಸ್ಸಿಗೆ ತಕ್ಕ ಬೋಳು: ಇದನ್ನು ಸೋಲೆನ್ನಲಾಗದು.

ಕಸಿಯ ಫಲವನ್ನು ಹಿಂದಲೆಯಲ್ಲೂ ಅಳೆಯಬೇಕು. ಎಫ್‌ಯುಇಯಲ್ಲಿ ಗೆರೆಯ ಕಲೆ ಇಲ್ಲ ಎಂಬ ಪ್ರಚಾರದ ಮರೆಯಲ್ಲಿ ಅತಿಯಾಗಿ ತೋಡಿದ ತಲೆಗಳು ನುಸಿ ತಿಂದಂತೆ ಕಾಣುತ್ತವೆ. ಸುರಕ್ಷಿತ ವಲಯ ಮೀರಿ ಮೇಲಿನಿಂದ ತೆಗೆದ ಬೇರುಗಳು ಮುಂದೆ ಉದುರಲೂಬಹುದು. ಗಡ್ಡದ ಕೂದಲು ಒಳ್ಳೆಯ ಪೂರಕ, ಆದರೆ ಒರಟಾದ್ದರಿಂದ ಹಣೆಯ ಅಂಚಿಗೆ ಸಲ್ಲದು. ತಲೆಕೂದಲಿನ ಜತೆ ಬೆರೆತು ನಡುನೆತ್ತಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ಇನ್ನು ಫಿನಾಸ್ಟೆರೈಡ್, ಮಿನಾಕ್ಸಿಡಿಲ್‌ಗಳು ಉಳಿದ ಕೂದಲನ್ನು ಕಾಯುವ ಔಷಧಗಳು. ಅಡ್ಡಪರಿಣಾಮಗಳನ್ನೂ ಸೇರಿಸಿ ಅವುಗಳ ಚರ್ಚೆ ನಡೆಯದ ಯೋಜನೆ ಅಪೂರ್ಣ.

ಜಾಹೀರಾತಿನ ಫೋಟೋಗಳನ್ನೂ ವಿಮರ್ಶಕನ ಕಣ್ಣಿಂದಲೇ ನೋಡಬೇಕು. 'ಮೊದಲು' ಎಂಬ ಚಿತ್ರದಲ್ಲಿ ಒದ್ದೆ ಕೂದಲು, ತಲೆಯ ಮೇಲೆ ಪ್ರಖರ ಬೆಳಕು. 'ನಂತರ'ದಲ್ಲಿ ಬಾಚಿದ ಉದ್ದ ಕೂದಲು, ಮಂದ ಬೆಳಕು. ಇವೆರಡನ್ನು ಹೋಲಿಸಲಾಗದು. ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮೂರು-ನಾಲ್ಕು ತಿಂಗಳಿಗೆ ಚಿಗುರಿ, ವರ್ಷದ ಹೊತ್ತಿಗೆ ತುಂಬುತ್ತದೆ. ಸುಳಿಗೆ ಒಂದೂವರೆ ವರ್ಷವೂ ಹಿಡಿದೀತು. ಅದಕ್ಕೂ ಮುಂಚೆ ಹೊಗಳುವುದೂ ತೆಗಳುವುದೂ ಅವಸರವಾದೀತು.

ನಮ್ಮಲ್ಲಿ ಈ ಕಸುಬಿನ ದೊಡ್ಡ ದೋಷ, ಗ್ರಾಫ್ಟ್‌ನ ಎಣಿಕೆಯನ್ನೇ ಸರಕಾಗಿ ಮಾರುವುದು ಮತ್ತು ವೈದ್ಯರ ಹೆಸರಿನಲ್ಲಿ ತರಬೇತಿಯಿಲ್ಲದವರು ಕೆಲಸ ಮಾಡುವುದು. 2016ರಲ್ಲಿ ಚೆನ್ನೈಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕಸಿಯ ಬೆನ್ನಿಗೇ ಪ್ರಾಣ ಕಳೆದುಕೊಂಡ. ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟವಾಗಿ ಹೇಳಬೇಕಾಯಿತು.

ಹಾಗಾದರೆ ಪೂರ್ತಿ ಬೋಳಾದವರು ಕಸಿಗೆ ಹೋಗಬಹುದೇ? ಹಿಂದಲೆ ದಟ್ಟವಾಗಿದ್ದು, ಆಸೆ ಹದವಾಗಿದ್ದರೆ ಖಂಡಿತ ಹೋಗಬಹುದು. ಚೆನ್ನಾಗಿ ಯೋಜಿಸಿದ ಕಸಿ ಮುಖದ ಚಹರೆಯನ್ನೇ ಬದಲಿಸುತ್ತದೆ. ಮೂರು ಪ್ರಶ್ನೆ ಕೇಳಿ: ನನ್ನ ಹಿಂದಲೆಯಲ್ಲಿ ಒಟ್ಟು ಎಷ್ಟು ಗ್ರಾಫ್ಟ್ ಇದೆ? ಈ ಸಲ ತೆಗೆದ ಮೇಲೆ ಎಷ್ಟು ಉಳಿಯುತ್ತದೆ? ರಂಧ್ರ ಕೊರೆಯುವವರು ಯಾರು? ಇವಕ್ಕೆ ನೇರ ಉತ್ತರ ಕೊಡದ ಕಡೆ ಮುಂಗಡ ಕಟ್ಟಬೇಡಿ.